ಉಸಿರು ಹಿಡಿದ ಹುಳು ನೋಡಲು ಡೆನ್ಮಾರ್ಕಿಗೆ

ಶಿವಾಜಿನಗರ: ತೋಳು ಸೀಳಿದ ಕೋಟು

ನನ್ನ ಮೊದಲ ವಿದೇಶ ಪ್ರವಾಸ ಶುರುವಾದದ್ದು ವಿಮಾನ ನಿಲ್ದಾಣದಲ್ಲಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ರಹಮತ್ ಭಾಯ್ ಅವರ ಹೊಲಿಗೆ ಯಂತ್ರದ ಮುಂದೆ. ಮಗಳು ಚೈತ್ರಾ ಸ್ಟೂಲಿನ ಮೇಲೆ ಕೂತಿದ್ದಳು. ಬಲಗೈ ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಹಿಂದಿನ ವಾರ ಟಿನ್ ಫ್ಯಾಕ್ಟರಿ ಹತ್ತಿರ ಸ್ಕೂಟರ್ ಜಾರಿ ಬಿದ್ದಿದ್ದಳು. ತಲೆಗೆ ಏನೂ ಆಗಲಿಲ್ಲ, ಹಿಂದೆ ಬರುತ್ತಿದ್ದ ಬಸ್ಸಿನವನು ಬ್ರೇಕ್ ಹಾಕಿದ. ಅದನ್ನು ನೆನೆದು ನಾನು ಇವತ್ತಿಗೂ ಹಲಸೂರಿನ ಸೋಮೇಶ್ವರನ ಗುಡಿಯ ಕಡೆಗೆ ಕೈ ಮುಗಿಯುತ್ತೇನೆ.

ಹೊಸ ಉಣ್ಣೆ ಕೋಟಿನ ತೋಳಿಗೆ ಆ ಕೈ ತೂರುತ್ತಿರಲಿಲ್ಲ. ರಹಮತ್ ಭಾಯ್ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಮ್ಮಾ, ಈ ಕೋಟು ಹೊಲಿದೋನು ಮುರಿದಿರೋ ಕೈ ನೋಡೇ ಇಲ್ಲ. ಬಿಡಿ, ನಾನ್ ಮಾಡ್ತೀನಿ. ಬೇಟಿ, ಕೈ ಇಲ್ಲಿಡು. ಎಲ್ಲಿಗೆ ಹೋಗ್ತಾ ಇದೀಯಾ ಇಷ್ಟು ದಪ್ಪ ಕೋಟು ಹಾಕ್ಕೊಂಡು?"

"ಡೆನ್ಮಾರ್ಕ್, ಭಾಯ್."

"ಏನ್ ಕೆಲಸ ಅಲ್ಲಿ?"

"ಹುಳ ಹೆಂಗೆ ಉಸಿರಾಡುತ್ತೆ ಅಂತ ನೋಡೋದು."

ಅವರು ಕತ್ತರಿ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನನಗೂ ಆಗ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಅವರು ತೋಳನ್ನು ಉದ್ದಕ್ಕೆ ಸೀಳಿ, ಒಳಗೆ ಪಟ್ಟಿ ಕೊಟ್ಟು, ಟಿಚ್ ಬಟನ್ ಇಟ್ಟು ಕೊಟ್ಟರು. "ಅಲ್ಲಾಹ್ ನಿನ್ನ ಹುಳಾನೂ ಚೆನ್ನಾಗಿಡ್ಲಿ" ಎಂದು ಹರಸಿ ಕಳಿಸಿದರು.

ವಿಷಯ ಇಷ್ಟು. ಚೈತ್ರಾ ಗರುಡಾಚಾರ್‌ಪಾಳ್ಯದ ಒಂದು ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ಅವಳಿಗೆ ಸಂಶೋಧನೆ ಮಾಡುವ ಆಸೆ. ಅದೂ ಹುಳುಗಳ ಉಸಿರಾಟ, ಅವು ತಡೆಯುವ ಚಳಿ, ತಡೆಯುವ ಸೆಕೆ, ಇವುಗಳ ಮೇಲೆಯೇ. ಇಂಥದ್ದನ್ನು ಅಳೆಯುವ ಪ್ರಯೋಗಶಾಲೆಗಳು ಲೋಕದಲ್ಲಿ ಹೆಚ್ಚಿಲ್ಲವಂತೆ. ಎರಡು ಕಡೆಯವರು ಆಗಲೇ ಇಲ್ಲ ಎಂದಿದ್ದರು. ಮೂರನೆಯವರು ಡೆನ್ಮಾರ್ಕಿನವರು. ಎರಡು ವಾರ ಬಂದು ಕೆಲಸ ಮಾಡಿ ತೋರಿಸಿ, ಆಮೇಲೆ ಸೀಟಿನ ಮಾತು ಎಂದಿದ್ದರು. ಕೈ ಮುರಿದಿದೆ, ಮುಂದಕ್ಕೆ ಹಾಕಿ ಎಂದು ಕೇಳು ಎಂದೆ. ಕೇಳಲಿಲ್ಲ. ಕೇಳಿದರೆ ಬೇರೆಯವರನ್ನು ಕರೆಯುತ್ತಾರೆ ಎಂಬ ಹೆದರಿಕೆ. ಜಡೆ ಹಾಕಲು, ಕೋಟು ತೊಡಿಸಲು, ಅನ್ನ ಮಾಡಿ ಹಾಕಲು ನಾನು ಜೊತೆಗೆ ಹೊರಟೆ.

ನಮ್ಮ ಯಜಮಾನರು ದೊಡ್ಡನೆಕ್ಕುಂದಿಯಲ್ಲಿ ಹುಟ್ಟಿ ಅಲ್ಲೇ ಬೆಳೆದವರು. ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ. ಅವರು ಸೂಟ್‌ಕೇಸಿಗೆ ಹಗ್ಗ ಬಿಗಿಯುತ್ತಾ ಹೇಳಿದರು: "ಹುಳ ನೋಡೋಕೆ ಅಷ್ಟು ದೂರ ಯಾಕೆ? ನಿಮ್ಮಮ್ಮನ ಅಕ್ಕಿ ಡಬ್ಬಿ ತೆಗೆದಿದ್ರೆ ಸಾಕಾಗಿತ್ತಲ್ಲ."

ರೈಲು ನಿಲ್ದಾಣದ ಮೆಟ್ಟಿಲು

ಅದು ಕಾರ್ತಿಕ ಮಾಸ. ವಿಮಾನ ಇಳಿದು, ರೈಲು ಹಿಡಿದು, ಸಮುದ್ರದಂಡೆಯ ಆ ಊರು ಸೇರಿದಾಗ ಮಧ್ಯಾಹ್ನದ ಕಾಫಿ ಹೊತ್ತು. ಆಗಲೇ ಕತ್ತಲು ಇಳಿಯುತ್ತಿತ್ತು. ಗಡಿಯಾರ ಕೆಟ್ಟಿದೆ ಎಂದುಕೊಂಡೆ. ಇಲ್ಲಮ್ಮ, ಇಲ್ಲಿ ಹಗಲೇ ಇಷ್ಟು ಎಂದಳು ಮಗಳು.

ನಿಲ್ದಾಣದ ಮೆಟ್ಟಿಲ ಬುಡದಲ್ಲಿ ನನ್ನ ಸೂಟ್‌ಕೇಸಿನ ಚಕ್ರ ಕಿತ್ತು ಬಂತು. ಒಳಗೆ ಅಕ್ಕಿ, ಬೇಳೆ, ಪುಡಿಗಳು, ದೇವರ ಸಾಮಾನು. ಮಗಳಿಗೆ ಒಂದೇ ಕೈ. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಒಳ್ಳೆ ಮುಖದವರೇ, ಆದರೆ ಒಬ್ಬರಾದರೂ ನಿಲ್ಲಲಿಲ್ಲ. ಕೆ.ಆರ್. ಪುರ ನಿಲ್ದಾಣದಲ್ಲಾಗಿದ್ದರೆ ಇಷ್ಟರಲ್ಲಿ ನಾಲ್ಕು ಜನ ಸೇರಿ, ಎಲ್ಲಿಗೆ, ಯಾಕೆ, ಕೈಗೆ ಏನಾಯಿತು, ಪ್ಲಾಸ್ಟರ್ ಯಾಕೆ, ಮೂಳೆ ಕೂಡಿಸುವ ಪುತ್ತೂರು ಕಟ್ಟು ಹಾಕಿಸಬಾರದಿತ್ತೇ ಎಂದು ವಿಚಾರಿಸಿ, ಬೈದು, ಪೆಟ್ಟಿಗೆ ಮೇಲೆ ತಂದಿಟ್ಟಿರುತ್ತಿದ್ದರು.

"ಎಂಥಾ ಕಲ್ಲು ಮನಸ್ಸಿನ ಜನ ಕಣೆ ಇವರು" ಎಂದೆ.

"ಮೆಲ್ಲಗೆ ಹೇಳಮ್ಮ."

"ಯಾಕೆ, ಇವರಿಗೆ ಕನ್ನಡ ಬರುತ್ತಾ?"

ಕೊನೆಗೆ ಬೇರೆ ದಾರಿ ಕಾಣದೆ, ಎದುರಿಗೆ ಬಂದ ಒಬ್ಬ ಹುಡುಗಿಗೆ ಸೂಟ್‌ಕೇಸು ತೋರಿಸಿ "ಪ್ಲೀಸ್" ಎಂದೆ. ನನಗೆ ಬರುವ ಇಂಗ್ಲಿಷಿನಲ್ಲಿ ಅದು ಸರಿಯಾಗಿ ಬರುವ ಪದ. ಅವಳು ತಕ್ಷಣ ತನ್ನ ಚೀಲ ಕೆಳಗಿಟ್ಟಳು. ಅವಳ ಹಿಂದಿನವನೂ ನಿಂತ. ಇನ್ನೊಬ್ಬ ಮುದುಕರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬಂದರು. ಮೂರೂ ಜನ ಸೇರಿ ಪೆಟ್ಟಿಗೆಯನ್ನು ಪಲ್ಲಕ್ಕಿಯ ಹಾಗೆ ಹೊತ್ತರು. ಆ ಹುಡುಗಿ ಮನೆಯ ಬಾಗಿಲವರೆಗೂ ಬಂದು ಹೋದಳು. ದಾರಿಯುದ್ದಕ್ಕೂ ಒಂದು ಪ್ರಶ್ನೆ ಕೇಳಲಿಲ್ಲ. ನನ್ನ ಬೈಗುಳವನ್ನು ಅಲ್ಲೇ ನುಂಗಿಕೊಂಡೆ.

ಇಂಗೆಯವರ ಮನೆ

ನಮಗೆ ಕೋಣೆ ಕೊಟ್ಟವರು ಇಂಗೆ ಎಂಬ ವಯಸ್ಸಾದ ಹೆಂಗಸು. ಒಂಟಿಯಾಗಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಅದನ್ನು ಕಂಡು ನನಗೆ ತವರಿಗೆ ಬಂದಷ್ಟು ಸಮಾಧಾನವಾಯಿತು. ಅವರು ತಿನ್ನಲು ಕೊಟ್ಟ ಬ್ರೆಡ್ಡು ಕಪ್ಪಗೆ, ಭಾರವಾಗಿ, ನಿನ್ನೆಯ ರಾಗಿ ಮುದ್ದೆಯನ್ನು ಹೋಳು ಮಾಡಿಟ್ಟ ಹಾಗಿತ್ತು. ನಾನು ಅದಕ್ಕೆ ಉಪ್ಪಿನಕಾಯಿ ಹಚ್ಚಿ ತಿಂದೆ. ಇಂಗೆಯವರೂ ಚೂರು ನೆಕ್ಕಿ ನೋಡಿ, ಕಣ್ಣೊರೆಸಿಕೊಂಡು, ಇನ್ನೂ ಸ್ವಲ್ಪ ಬೇಕೆಂದರು.

ಆ ಊರಿನಲ್ಲಿ ಹೋಟೆಲಿನ ಹೊರಗೆ, ಕೊರೆಯುವ ಚಳಿಯಲ್ಲಿ, ತಳ್ಳುಗಾಡಿಯೊಳಗೆ ಹಸುಗೂಸುಗಳನ್ನು ಮಲಗಿಸಿ ತಾಯಂದಿರು ಒಳಗೆ ಕಾಫಿ ಕುಡಿಯುತ್ತಾರೆ. ಮೊದಲ ಸಲ ನೋಡಿದಾಗ ನನ್ನ ಎದೆ ಒಡೆಯಿತು. ಯಾರೋ ಮರೆತು ಹೋಗಿದ್ದಾರೆಂದು ಗಾಡಿಯ ಪಕ್ಕ ಕಾವಲು ನಿಂತೆ. ಒಳಗಿನಿಂದ ತಾಯಿ ಗಾಜಿನ ಮೂಲಕ ನನ್ನನ್ನೇ ನೋಡುತ್ತಿದ್ದಳು. ನಾನು ಮಗು ಕದಿಯುವವಳೋ ಎಂದು ಅವಳಿಗೂ ಭಯವಾಗಿರಬೇಕು. ಮಗು ಮಾತ್ರ ಕೆನ್ನೆ ಕೆಂಪಗೆ ಮಾಡಿಕೊಂಡು ಸುಖವಾಗಿ ನಿದ್ದೆ ಮಾಡುತ್ತಿತ್ತು. ಯಾವ ಜೀವ ಎಷ್ಟು ಚಳಿ ತಡೆಯುತ್ತದೆ ಎಂದು ಹೊರಗಿನವರಿಗೆ ಹೇಳಲಾಗುವುದಿಲ್ಲ.

ನನ್ನ ಕೊರಗು ಬೇರೆಯೇ ಇತ್ತು. ಕಾರ್ತಿಕದಲ್ಲಿ ಸಂಜೆ ದೀಪ ಹಚ್ಚದೆ ನಾನು ಇದ್ದವಳಲ್ಲ. ಪುಟ್ಟ ಹಿತ್ತಾಳೆ ದೀಪ, ಎಣ್ಣೆ, ಬತ್ತಿ ಎಲ್ಲ ತಂದಿದ್ದೆ. ಆದರೆ ಮರದ ಮನೆ, ಮರದ ನೆಲ. ಹಚ್ಚಲೇ ಎಂದು ಕೇಳಲು ಬಾಯಿ ಬರಲಿಲ್ಲ. ಬೇಡ ಎಂದುಬಿಟ್ಟರೆ? ಎರಡು ಸಂಜೆ ದೀಪವನ್ನು ಪೆಟ್ಟಿಗೆಯಲ್ಲೇ ಮುಟ್ಟಿ ನಮಸ್ಕಾರ ಮಾಡಿದೆ. ಮೂರನೆಯ ಸಂಜೆ ಹೊರಗಿನಿಂದ ಬರುವಾಗ ನೋಡುತ್ತೇನೆ, ಇಂಗೆಯವರ ಕಿಟಕಿಯಲ್ಲಿ ಮೇಣದ ಬತ್ತಿಗಳು. ಎದುರು ಮನೆಯಲ್ಲೂ. ಬೀದಿಯುದ್ದಕ್ಕೂ. ಹಬ್ಬವೇನು ಎಂದು ಮಗಳಿಂದ ಕೇಳಿಸಿದೆ.

"ಹಬ್ಬ ಏನಿಲ್ಲ. ಕತ್ತಲಾಯಿತಲ್ಲ, ಅದಕ್ಕೆ" ಎಂದರು ಇಂಗೆ.

ನಾನು ಓಡಿಹೋಗಿ ನನ್ನ ದೀಪ ತಂದು ತೋರಿಸಿದೆ. ಅವರು ದೀಪದ ಕೆಳಗೆ ಇಡಲು ಪಿಂಗಾಣಿ ತಟ್ಟೆ ಕೊಟ್ಟು, ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದರು. ಮಗಳು ಆ ಮಾತನ್ನು ನನಗೆ ಕನ್ನಡದಲ್ಲಿ ಹೇಳಿ, ತಾನೂ ಸೇರಿಸಿದಳು: "ನೋಡಿದ್ಯಾ, ಕೇಳಬೇಕಿತ್ತು." ಇಂಗೆಯವರು ಇನ್ನೊಂದು ಮಾತು ಹೇಳಿದರು. ಅವರ ಕಡೆ, ಕೇಳದೆ ಸಹಾಯಕ್ಕೆ ಹೋದರೆ 'ನಿನ್ನ ಕೈಲಾಗುವುದಿಲ್ಲ' ಎಂದು ಹೇಳಿದಂತಾಗುತ್ತದಂತೆ. ಅದಕ್ಕೇ ಸುಮ್ಮನೆ ಕಾಯುತ್ತಾರೆ. ನಮ್ಮಲ್ಲಿ ಯಾರೂ ಕಾಯುವುದಿಲ್ಲ, ಹಾಗಾಗಿ ಕೇಳುವುದು ನಮಗೆ ಅಭ್ಯಾಸವಾಗುವುದಿಲ್ಲ.

ಹುಳುಗಳ ಕೋಣೆ

ಪ್ರಯೋಗಶಾಲೆಯ ಯಜಮಾನಿ ಕಿರ್ಸ್ಟನ್. ಗಿಡ್ಡ ಬಿಳಿ ಕೂದಲು, ಮೊಣಕೈಯಲ್ಲಿ ತೂತಾದ ಸ್ವೆಟರ್. ದೊಡ್ಡ ಪ್ರೊಫೆಸರ್ ಎಂದು ಯಾರೂ ಹೇಳರು. ಹೆಸರು ಹಿಡಿದೇ ಕರೆಯಬೇಕು ಎಂದು ಹೇಳಿದ್ದರು. ಚೈತ್ರಾ ಪ್ರತಿ ಸಲವೂ "ಕಿರ್ಸ್ಟನ್" ಎಂದು ಗಟ್ಟಿಯಾಗಿ ಹೇಳಿ "ಮೇಡಮ್" ಎಂದು ಮೆಲ್ಲಗೆ ಸೇರಿಸುತ್ತಿದ್ದಳು. ಕೋಟು ಬಿಚ್ಚಲು ಹಾಕಲು ಅಮ್ಮ ಬೇಕು ಎಂದು ತಿಳಿದು ನನ್ನನ್ನೂ ಒಳಗೆ ಬಿಟ್ಟರು. ಕಿಟಕಿಯ ಪಕ್ಕ ಕುರ್ಚಿ ಹಾಕಿಸಿ, "ಏನನ್ನೂ ಮುಟ್ಟಬಾರದು, ಅಷ್ಟೇ" ಎಂದು ಮಗಳಿಂದ ಹೇಳಿಸಿದರು. ಮುಟ್ಟಲಿಲ್ಲ. ಮಡಿಯಲ್ಲಿರುವವಳ ಹಾಗೆ ಕೈ ಕಟ್ಟಿ ಕೂತೆ.

ಮೊದಲ ದಿನ ಅವರು ನನಗಾಗಿಯೇ ಒಂದು ತಟ್ಟೆ ತಂದರು. ಅದರಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಕಪ್ಪು ಜೀರುಂಡೆಗಳು, ಬೆನ್ನ ಮೇಲೆ ಗಟ್ಟಿ ಚಿಪ್ಪು. ಎಲ್ಲವೂ ಅಂಗಾತ ಬಿದ್ದಿದ್ದವು, ಕಾಲು ಮಡಚಿಕೊಂಡು. ಆಗಷ್ಟೇ ಚಳಿಯ ಪೆಟ್ಟಿಗೆಯಿಂದ ತೆಗೆದಿದ್ದರು.

"ಅಯ್ಯೋ, ಪಾಪ. ಎಲ್ಲ ಹೋಗ್ಬಿಟ್ಟಿವೆ" ಎಂದೆ.

"ಕಾಯಿರಿ" ಎಂದರು ಕಿರ್ಸ್ಟನ್.

ಕಾದೆ. ಸ್ವಲ್ಪ ಹೊತ್ತಿನಲ್ಲಿ ಒಂದರ ಕಾಲ ತುದಿ ಅಲುಗಿತು. ಗಾಳಿಗೆ ಇರಬೇಕು ಎಂದುಕೊಂಡೆ. ಮತ್ತೆ ಅಲುಗಿತು. ಆಮೇಲೆ ಆರೂ ಕಾಲು ಆಕಾಶಕ್ಕೆ ಚಾಚಿ, ನಿದ್ದೆಯಿಂದ ಎದ್ದ ಮಗುವಿನ ಹಾಗೆ ಮೈ ಮುರಿದು, ಹೊರಳಿ ತನ್ನ ಕಾಲ ಮೇಲೆ ತಾನು ನಿಂತಿತು. ಅದರ ಪಕ್ಕದ್ದೂ ನಿಂತಿತು. ನೋಡನೋಡುತ್ತಿದ್ದಂತೆ ತಟ್ಟೆ ತುಂಬ ಓಡಾಟ. ಚಳಿಗೆ ಅವು ಮರಗಟ್ಟುತ್ತವಂತೆ, ಸಾಯುವುದಿಲ್ಲ. ಮತ್ತೆ ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕು ಎಂಬುದೇ ಇವರಿಗೆ ಅಳತೆ. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ಚಿಕ್ಕ ಜೀವಕ್ಕೂ ದೇವರು ಹೋಗಿ ಬರುವ ದಾರಿ ಇಟ್ಟಿದ್ದಾನೆ.

ಉಸಿರಿನ ವಿಷಯ ಇನ್ನೂ ದೊಡ್ಡದು. ಹುಳುವಿಗೆ ಮೂಗಿಲ್ಲ. ಹೊಟ್ಟೆಯ ಎರಡು ಬದಿಗೆ ಸಾಲಾಗಿ ಪುಟ್ಟ ಕಿಂಡಿಗಳಿವೆ. ಆ ಕಿಂಡಿಗಳಿಂದ ಒಳಗೆ ಕೂದಲಿಗಿಂತ ತೆಳ್ಳಗಿನ ಕೊಳವೆಗಳು ಕವಲೊಡೆದು ಮೈಯ ಮೂಲೆ ಮೂಲೆಗೂ ಗಾಳಿ ಒಯ್ಯುತ್ತವೆ. ಕಿಂಡಿಗಳಿಗೆ ಬಾಗಿಲೂ ಇದೆ. ಬೇಕಾದಾಗ ತೆಗೆಯುತ್ತದೆ, ಬೇಡವಾದಾಗ ಮುಚ್ಚುತ್ತದೆ. ಈ ಜಾತಿಯ ಜೀರುಂಡೆ ಸುಮ್ಮನಿರುವಾಗ ಬಾಗಿಲು ಮುಚ್ಚಿ, ಎಷ್ಟೋ ಹೊತ್ತು ಉಸಿರು ಹಿಡಿದು, ಆಮೇಲೆ ಒಂದೇ ಸಲ ಬಿಡುತ್ತದಂತೆ. ನಮ್ಮಲ್ಲಿ ಹಿಮಾಲಯಕ್ಕೆ ಹೋಗಿ ಕಲಿಯುವುದನ್ನು ಇದು ಹುಟ್ಟಿದಾಗಲೇ ಕಲಿತಿದೆ.

ಅಳೆಯುವುದು ಹೀಗೆ. ಹುಳುವನ್ನು ಗಾಜಿನ ಕೊಳವೆಯೊಳಗೆ ಬಿಟ್ಟು, ಒಂದು ಕಡೆಯಿಂದ ಗಾಳಿ ಹಾಯಿಸುತ್ತಾರೆ. ಆ ಗಾಳಿ ಮೊದಲು ಬಿಳಿ ಸುಣ್ಣದ ಹರಳು ತುಂಬಿದ ಒಂದು ಡಬ್ಬಿಯನ್ನು ದಾಟಬೇಕು. ಗಾಳಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡನ್ನು ಹರಳು ಹೀರಿಬಿಡುತ್ತದೆ. ಹಾಗಾಗಿ ಇನ್ನೊಂದು ಕಡೆಯಿಂದ ಹೊರಬರುವುದೆಲ್ಲ ಹುಳುವಿನ ಉಸಿರು. ಅದನ್ನು ಯಂತ್ರ ಗೆರೆಯಾಗಿ ಬರೆಯುತ್ತದೆ. ಹರಳಿನ ಶಕ್ತಿ ತೀರಿದರೆ ಬಣ್ಣ ನೇರಳೆಯಾಗುತ್ತದೆ, ಆಗ ಹೊಸದು ತುಂಬಬೇಕು.

ಒಂದು ದಿನ ನಾನು ಧೈರ್ಯ ಮಾಡಿ, ನಮ್ಮಲ್ಲಿ ಅಕ್ಕಿಗೆ ಮೂತಿ ಹುಳು ಬಿದ್ದರೆ ಮಹಡಿಯ ಮೇಲೆ ಬಿಸಿಲಿಗೆ ಹರಡುತ್ತೇವೆ, ಸೆಕೆ ತಾಳದೆ ಅವು ಓಡಿಹೋಗುತ್ತವೆ ಎಂದೆ. ಕಿರ್ಸ್ಟನ್ ಕುರ್ಚಿ ಎಳೆದುಕೊಂಡು ಕೂತರು.

"ಮಹಡಿ ಎಷ್ಟು ಬಿಸಿ ಇರುತ್ತದೆ?"

"ಕಾಲಿಡೋಕಾಗಲ್ಲ. ಅಷ್ಟು."

ಚೈತ್ರಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ತಲೆ ತಗ್ಗಿಸಿದಳು. ಕಿರ್ಸ್ಟನ್ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು. ಚಳಿ ದೇಶದ ಹುಳುಗಳನ್ನು ಬೇಕಾದಷ್ಟು ಅಳೆದಿದ್ದಾರೆ. ಸೆಕೆ ದೇಶದವನ್ನು ಅಳೆದದ್ದು ಬಹಳ ಕಡಿಮೆ. ಅಲ್ಲಿನ ಹುಳುಗಳಲ್ಲಿ ಎಷ್ಟೋ ಆಗಲೇ ತಾವು ತಾಳಬಹುದಾದ ಸೆಕೆಯ ಅಂಚಿನಲ್ಲಿವೆ. ಇನ್ನೊಂದಿಷ್ಟು ಏರಿದರೆ ಕಿಂಡಿಯ ಬಾಗಿಲು ಹಿಡಿತಕ್ಕೆ ಬಾರದೆ ತೆರೆದುಕೊಂಡೇ ಉಳಿಯುತ್ತದೆ. ಹೂವಿಗೆ ಬರುವವು, ಸಗಣಿ ಉರುಳಿಸುವವು, ಬೆಳೆ ತಿನ್ನುವವು, ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಮೊದಲೇ ತಿಳಿಯಬೇಕಾದರೆ ಅಳೆಯಬೇಕು. "ಕೆಲಸ ಬೆಟ್ಟದಷ್ಟಿದೆ. ಕೈಗಳು ಬೇಕು" ಎಂದರು. ಚೈತ್ರಾ ಪ್ಲಾಸ್ಟರಿನ ಕೈಯನ್ನು ಮೇಜಿನ ಕೆಳಗೆ ಇಳಿಸಿದ್ದನ್ನು ನಾನು ನೋಡಿದೆ.

ಚೆಂದದ ಗೆರೆ

ಹೊರಡಲು ಮೂರು ದಿನವಿತ್ತು. ಅಷ್ಟರಲ್ಲಿ ಅವಳು ಒಬ್ಬಳೇ ಒಂದು ಹುಳುವಿನ ಉಸಿರನ್ನು ಸರಿಯಾಗಿ ಅಳೆದು ತೋರಿಸಬೇಕಿತ್ತು. ಅದರ ಮೇಲೆಯೇ ಸೀಟು. ಒಂದು ವಾರದಿಂದ ಹುಳು ಸತಾಯಿಸುತ್ತಿತ್ತು. ಕೊಳವೆಯೊಳಗೆ ನಡೆಯುತ್ತಲೇ ಇರುತ್ತಿತ್ತು, ಗೆರೆ ಅಂಕುಡೊಂಕು.

ಅವತ್ತು ಬೆಳಿಗ್ಗೆ ಹುಳು ಸುಮ್ಮನಾಯಿತು. ನಾನು ಕಿಟಕಿಯ ಪಕ್ಕ ಜಪಕ್ಕೆ ಕೂತೆ. ನಮ್ಮ ಅತ್ತೆ ಕಲಿಸಿದ ರೀತಿ. ಸರ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ಸೋಮೇಶ್ವರಾ ಸೋಮೇಶ್ವರಾ ಎಂದು ತುಟಿ ಅಲುಗಿಸುತ್ತಾ ಒಂದು ಸುತ್ತು ಮುಗಿಸುವುದು. ಆಮೇಲೆ ಕುರ್ಚಿಗೆ ಒರಗಿ, ಮುಖ ಆಚೆ ತಿರುಗಿಸಿ, ಬಹಳ ಹೊತ್ತು ಸುಮ್ಮನಿರುವುದು. ಮತ್ತೆ ಇನ್ನೊಂದು ಸುತ್ತು. ಮಗಳ ಹುಳು ಸುಮ್ಮನಿರಲಿ ಎಂದೇ ಅವತ್ತಿನ ಜಪ.

"ಅಮ್ಮಾ, ಬಾ ಇಲ್ಲಿ. ಮುಟ್ಬೇಡ, ನೋಡು ಅಷ್ಟೇ."

ಪರದೆಯ ಮೇಲೆ ಗೆರೆ ಉದ್ದಕ್ಕೆ ನೆಲ ಹಿಡಿದು ಹೋಗಿ, ಇದ್ದಕ್ಕಿದ್ದಂತೆ ಗೋಪುರದ ಹಾಗೆ ಎದ್ದು, ಮತ್ತೆ ನೆಲಕ್ಕಿಳಿದಿತ್ತು. ಮತ್ತೆ ಗೋಪುರ. ಮತ್ತೆ ನೆಲ.

"ಉಸಿರು ಹಿಡಿದು ಹಿಡಿದು ಬಿಡ್ತಾ ಇದೆ. ಪುಸ್ತಕದಲ್ಲಿರೋ ಹಂಗೇ ಇದೆ ಅಮ್ಮ."

"ಸೋಮೇಶ್ವರನ ದಯೆ ಕಣೆ" ಎಂದೆ.

ಅಲ್ಲಿ ದಿನಾ ಒಂದು ಹೊತ್ತಿಗೆ ಎಲ್ಲರೂ ಕೆಲಸ ಬಿಟ್ಟು ಕೆಳಗಿನ ಕೋಣೆಯಲ್ಲಿ ಸೇರಿ ಕಾಫಿ ಕುಡಿಯುತ್ತಾರೆ, ಕೇಕು ತಿನ್ನುತ್ತಾರೆ. ಚೈತ್ರಾ ಗೆರೆಯನ್ನು ಕಿರ್ಸ್ಟನ್‌ಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ನೋಡಿ, ಪಕ್ಕದವರಿಗೂ ತೋರಿಸಿದರು. ಮಗಳ ಮುಖ ಬೆಳಗುತ್ತಿತ್ತು. ಅವಳು ಮೇಲೆ ಹೋದಳು. ನಾನು ಲೋಟಗಳನ್ನೆಲ್ಲ ತೊಳೆದಿಟ್ಟು ನಿಧಾನವಾಗಿ ಹೋದೆ.

ನಾನು ಬಾಗಿಲು ತೆಗೆದಾಗ ಅವಳು ಪರದೆಯ ಮುಂದೆ ನಿಂತಿದ್ದಳು. ಗೆರೆ ಪೂರ್ತಿ ಮಟ್ಟಸ. ಒಂದೂ ಗೋಪುರವಿಲ್ಲ.

"ಹುಳಕ್ಕೆ ಏನಾಯ್ತೆ?"

ಅವಳು ನನ್ನ ಕುರ್ಚಿಯನ್ನು ನೋಡಿದಳು. ಕುರ್ಚಿಯ ತೋಳಿನ ಪಕ್ಕದಲ್ಲೇ ಗಾಳಿ ಒಳಗೆ ಎಳೆಯುವ ಕೊಳವೆಯ ಬಾಯಿ ಇತ್ತು. ಅವಳು ಎಡಗೈಯಿಂದ ಹುಳುವನ್ನು ಹೊರಗೆ ತೆಗೆದು ಡಬ್ಬಿಗೆ ಬಿಟ್ಟಳು. ಖಾಲಿ ಗಾಜಿನ ಕೊಳವೆಯನ್ನೇ ಮತ್ತೆ ಸಿಕ್ಕಿಸಿದಳು.

"ಬೆಳಿಗ್ಗೆ ಮಾಡ್ತಿದ್ದ ಹಂಗೇ ಕೂತ್ಕೊಂಡು ಜಪ ಮಾಡಮ್ಮ."

ಒಂದು ಸುತ್ತು ಮಾಡಿದೆ. ಒಳಗೆ ಹುಳುವಿಲ್ಲ, ಹುಳುವಿನ ಕಾಲೂ ಇಲ್ಲ. ಆದರೂ ಗೆರೆ ಎದ್ದಿತು. ಗೋಪುರ ಕಟ್ಟಿತು. ನಾನು ಒರಗಿ ಮುಖ ತಿರುಗಿಸಿದೆ, ಇಳಿಯಿತು. ಹುಟ್ಟಿದಾಗಿನಿಂದ ಬಿಡುತ್ತಿದ್ದ ಉಸಿರನ್ನು ಅವತ್ತು ಮೊದಲ ಸಲ ಕಣ್ಣಲ್ಲಿ ಕಂಡೆ.

"ಹರಳು ಇದನ್ನೆಲ್ಲ ಹೀರ್ಕೊಳ್ಬೇಕಿತ್ತು ತಾನೆ?" ಎಂದು ಕೇಳಿದೆ.

ಅವಳು ಡಬ್ಬಿಯ ಮೇಲಿದ್ದ ಬಟ್ಟೆ ಸರಿಸಿದಳು. ಒಳಗೆ ತುದಿಯಿಂದ ತುದಿಗೆ ನೇರಳೆ ಬಣ್ಣ.

"ಮುಚ್ಚಳ ತಿರುಗಿಸೋಕೆ ಆಗ್ಲಿಲ್ಲ ಅಮ್ಮ. ಒಂದು ಕೈಯಲ್ಲಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ತಿರುಗಿಸ್ಬೇಕು. ತೊಡೆ ಮಧ್ಯ ಇಟ್ಕೊಂಡೂ ನೋಡ್ದೆ. ಇನ್ನೊಂದೆರಡು ದಿನ ನಡೆಯುತ್ತೆ ಅಂದ್ಕೊಂಡೆ."

"ನನ್ನ ಕೇಳ್ಬಾರ್ದಿತ್ತಾ?"

"ಏನೂ ಮುಟ್ಬಾರ್ದು ಅಂದಿದ್ರಲ್ಲ ನಿಂಗೆ."

"ಅವರನ್ನಾದ್ರೂ ಕೇಳ್ಬಾರ್ದಿತ್ತಾ?"

"ಮುಚ್ಚಳ ತೆಗೆಯೋಕಾಗ್ದಿರೋಳಿಗೆ ಯಾರಮ್ಮ ಸೀಟು ಕೊಡ್ತಾರೆ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಲ್ಲಿ ನನ್ನ ಬಾಯಿಂದ ಬಂದ ಮಾತು ಇದು: "ನಾಳೆ ಹೊಸದು ಮಾಡಿ ಅದನ್ನೇ ಕೊಡು. ಇದನ್ನ ಯಾಕೆ ಹೇಳ್ಕೊಂಡು ಹೋಗ್ಬೇಕು?"

"ನಿನ್ನ ಉಸಿರನ್ನ ಹುಳದ ಉಸಿರು ಅಂತ ಅವರು ಎಲ್ರಿಗೂ ತೋರ್ಸ್ತಾ ಇದಾರೆ. ಸುಮ್ನಿರ್ಲಾ?"

ಕೈಯಲ್ಲಿ ಜಪದ ಸರ ಹಿಡಿದವಳು ನಾನು. ಅದನ್ನು ಮಗಳಿಂದ ಕೇಳಿಸಿಕೊಳ್ಳಬೇಕಾಯಿತು. ಎದ್ದು ಅವಳ ಕೋಟಿನ ಟಿಚ್ ಬಟನ್ ಹಾಕಿದೆ. ಪಕ್ಕದ ಕೋಣೆಗೆ ಹೋಗಲು ಕೋಟು ಯಾಕೆ ಎಂದು ಅವಳೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮುಚ್ಚಳ

ಕಿರ್ಸ್ಟನ್ ಪೂರ್ತಿ ಕೇಳಿದರು. ಆಮೇಲೆ ನಮ್ಮ ಜೊತೆ ಬಂದು ಖಾಲಿ ಕೊಳವೆಯ ಮುಂದೆ ನಿಂತು, ನನಗೆ ಮತ್ತೊಂದು ಸುತ್ತು ಜಪ ಮಾಡಲು ಹೇಳಿದರು. ಮಾಡಿದೆ. ಗೆರೆ ಎದ್ದಿತು. ಅವರು ಸರವನ್ನು ಕೇಳಿ ತೆಗೆದುಕೊಂಡು, ಬೆರಳಲ್ಲಿ ಒಂದೊಂದೇ ಮಣಿ ಸರಿಸಿ ನೋಡಿ, ಎರಡು ಕೈಯಿಂದ ಹಿಂದಕ್ಕೆ ಕೊಟ್ಟರು.

"ನಾನು ವಿದ್ಯಾರ್ಥಿಯಾಗಿದ್ದಾಗ ಕಿಟಕಿಯ ಹೊರಗೆ ನಿಂತಿದ್ದ ಒಂದು ಬಸ್ಸಿನ ಉಸಿರನ್ನು ಅಳೆದಿದ್ದೆ" ಎಂದರು. "ಮಿಡತೆ ಎಂದುಕೊಂಡಿದ್ದೆ."

ಚೈತ್ರಾ ನಗಲಿಲ್ಲ. ಕಿರ್ಸ್ಟನ್ ಕೂಡ ಈಗ ನಗುತ್ತಿರಲಿಲ್ಲ.

"ಗೆರೆ ತಪ್ಪಿದ್ದು ನನಗೆ ಚಿಂತೆಯಲ್ಲ. ತಪ್ಪುತ್ತದೆ. ನೀನು ಮುಚ್ಚಳ ತೆಗೆದುಕೊಡಿ ಎಂದು ಕೇಳಲಿಲ್ಲವಲ್ಲ, ಅದು ಚಿಂತೆ. ಇಲ್ಲಿ ಯಾರೂ ತಾವಾಗಿ ಬಂದು ನಿನ್ನ ಕೈ ನೋಡುವುದಿಲ್ಲ. ನಾನೂ ನೋಡಲಿಲ್ಲ. ನೋಡಬಹುದಿತ್ತು." ಯಂತ್ರ ಆರಿಸಿ, "ನಾಳೆ ಮತ್ತೆ ಮಾಡು" ಎಂದರು. ಅಷ್ಟೇ. ಸೀಟಿನ ಮಾತು ಎತ್ತಲಿಲ್ಲ.

ಆ ಸಂಜೆ ದೀಪದ ಮುಂದೆ ಕೂತಾಗ ಏನು ಬೇಡಬೇಕೆಂದೇ ತಿಳಿಯಲಿಲ್ಲ. ದೇವರನ್ನು ಕೇಳುವುದು ನನಗೆ ಚಿಕ್ಕಂದಿನಿಂದ ರೂಢಿ. ಮಳೆ ಕೇಳಿದ್ದೇನೆ, ಮಗು ಕೇಳಿದ್ದೇನೆ, ಬಾಡಿಗೆಗೆ ಒಳ್ಳೆ ಜನ ಬರಲಿ ಎಂದೂ ಕೇಳಿದ್ದೇನೆ. ಆದರೆ ಪಕ್ಕದಲ್ಲಿ ಕೂತ ಮನುಷ್ಯರನ್ನು ಕೇಳಲು ಮಗಳಿಗೆ ಕಲಿಸಿದ್ದು ನೆನಪಾಗಲಿಲ್ಲ. ಯಾರಿಗೂ ಹೊರೆಯಾಗಬೇಡ ಎಂದು ಕಲಿಸಿದ್ದು ಮಾತ್ರ ನೆನಪಾಯಿತು. ಸುಮ್ಮನೆ ಬತ್ತಿ ಸರಿಮಾಡಿ ಕೂತೆ. ಇಂಗೆಯವರು ಬಂದು ಪಕ್ಕದಲ್ಲಿ ತಮ್ಮದೊಂದು ಮೇಣದ ಬತ್ತಿ ಇಟ್ಟು ಹೋದರು. ಅದನ್ನು ನಾನು ಕೇಳಿರಲಿಲ್ಲ.

ಮರುದಿನ ಚೈತ್ರಾ ನೇರವಾಗಿ ಕಿರ್ಸ್ಟನ್ ಹತ್ತಿರ ಹೋಗಿ, ಎಲ್ಲರ ಮುಂದೆ, "ಈ ಡಬ್ಬಿಯ ಮುಚ್ಚಳ ನನ್ನ ಕೈಲಿ ಆಗುವುದಿಲ್ಲ, ತೆಗೆದುಕೊಡುತ್ತೀರಾ?" ಎಂದು ಕೇಳಿದಳು. ಕಿರ್ಸ್ಟನ್ ತಿರುಗಿಸಿದರು. ಅಲುಗಲಿಲ್ಲ. ಪಕ್ಕದ ಮೇಜಿನ ದೊಡ್ಡ ಆಳು ತಿರುಗಿಸಿದ. ಅಲುಗಲಿಲ್ಲ. ಹಳೆಯ ಹರಳು ಗಂಟು ಕಟ್ಟಿ ಹಿಡಿದುಕೊಂಡಿತ್ತು.

ನಾನು ಕುರ್ಚಿಯಿಂದ ಎದ್ದು, "ಕ್ಯಾನ್ ಐ?" ಎಂದೆ. ಆ ಕೋಣೆಯಲ್ಲಿ ಅದು ನನ್ನ ಮೊದಲ ಇಂಗ್ಲಿಷ್ ವಾಕ್ಯ.

"ಮುಟ್ಟಿ" ಎಂದರು ಕಿರ್ಸ್ಟನ್. ಉಪ್ಪಿನಕಾಯಿ ಭರಣಿಗೆ ಮಾಡುವ ಹಾಗೇ ಮಾಡಿದೆ. ಸೆರಗಿನ ತುದಿ ಮುಚ್ಚಳಕ್ಕೆ ಸುತ್ತಿ, ಡಬ್ಬಿಯನ್ನು ಸೊಂಟಕ್ಕೆ ಒತ್ತಿ ಹಿಡಿದು, ದೊಡ್ಡ ಆಳಿಗೆ ಮುಚ್ಚಳ ತಿರುಗಿಸಲು ಕಣ್ಣಲ್ಲೇ ಹೇಳಿದೆ. ನಾನು ಡಬ್ಬಿ ತಿರುಗಿಸಿದೆ, ಅವನು ಮುಚ್ಚಳ ತಿರುಗಿಸಿದ. ಟಕ್ಕೆಂದು ಬಿಟ್ಟಿತು. ಹೊಸ ಹರಳು ಸಾಬಕ್ಕಿಯ ಹಾಗೆ ಬೆಳ್ಳಗೆ ಸುರಿಯಿತು. ಆಮೇಲೆ ನಾನೇ ನನ್ನ ಕುರ್ಚಿ ಎತ್ತಿಕೊಂಡು ಕೆಳಗಿನ ಕಾಫಿ ಕೋಣೆಗೆ ಹೋದೆ.

ಅಲ್ಲಿ ಜಪ ಮಾಡಲಿಲ್ಲ. ಭಯದಿಂದಲೇ ಅನ್ನಿ. ಕಿಟಕಿಯ ಹೊರಗೆ ಜನ ಖಾಲಿ ರಸ್ತೆಯಲ್ಲಿ, ಒಂದೂ ವಾಹನವಿಲ್ಲದಿದ್ದರೂ, ಕೆಂಪು ದೀಪ ಹಸಿರಾಗುವುದನ್ನು ಕಾಯುತ್ತಿದ್ದರು. ನಾನೂ ಅವರ ಜೊತೆ ಕಾದೆ.

ಸಂಜೆಗತ್ತಲಾಗುವಾಗ ಕರೆ ಬಂತು. ಮೇಲೆ ಹೋದೆ. ಕಿರ್ಸ್ಟನ್ ಮತ್ತು ಮಗಳು ಅಕ್ಕಪಕ್ಕ ಕೂತಿದ್ದರು. ಗೆರೆ ನನ್ನದರಷ್ಟು ಚೆಂದವಿರಲಿಲ್ಲ. ಮೊದಲರ್ಧ ಪೂರ್ತಿ ಅಂಕುಡೊಂಕು, ಹುಳು ಓಡಾಡಿದ್ದು. ಆಮೇಲೆ ಸುಮ್ಮನಾಗಿತ್ತು. ನೆಲ ಹಿಡಿದು, ನೆಲ ಹಿಡಿದು, ಬಹಳ ದೂರ ಹೋಗಿ, ಒಂದು ಚಿಕ್ಕ ಗುಡ್ಡ ಎದ್ದಿತ್ತು. ನನ್ನ ಗೋಪುರದ ಮುಂದೆ ಅದು ಇರುವೆ ಗೂಡು.

"ಇದು ಅದರದ್ದೇನಾ?" ಎಂದೆ ಬಾಗಿಲಲ್ಲೇ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

"ಅದರದ್ದೇ ಅಮ್ಮ. ಒಳಗೆ ಬಾ, ಹರಳಿದೆ."

ಹೋಗಿ ನೋಡಿದೆ. ಗಾಜಿನೊಳಗೆ ಆ ಕಪ್ಪು ಹುಳು ಕಲ್ಲಿನ ಹಾಗೆ ಕೂತಿತ್ತು. ಮೂಗಿಲ್ಲ, ಎದೆ ಏರಿಳಿಯುವುದಿಲ್ಲ. ಆದರೆ ನಾವು ನೋಡುತ್ತಿದ್ದಂತೆಯೇ ಪಕ್ಕದ ಪರದೆಯಲ್ಲಿ ಗೆರೆ ಮೆಲ್ಲಗೆ ಏರಲು ಶುರುವಾಯಿತು. ಎಲ್ಲಿಯೋ ಅದರ ಹೊಟ್ಟೆಯ ಬದಿಯಲ್ಲಿ, ಸೂಜಿಯ ಮೊನೆಯಷ್ಟು ಬಾಗಿಲುಗಳು ತೆರೆದುಕೊಂಡಿದ್ದವು. ಕೂತಿದ್ದ ಇಬ್ಬರೂ ಎದ್ದರು. ಗರ್ಭಗುಡಿಯಲ್ಲಿ ಪರದೆ ಸರಿಯುವಾಗ ಜನ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದೆವು.

ಹೊರಡುವ ದಿನ ವಿದಾಯ ಹೇಳಲು ಹೋದಾಗ, ಹರಳಿನ ಡಬ್ಬಿಯ ಮೇಲಿನ ಗೋಡೆಗೆ ಒಂದು ಕಾಗದ ಅಂಟಿಸಿತ್ತು. ನನ್ನ ಗೋಪುರಗಳು. ಕೆಳಗೆ ಅವರ ಭಾಷೆಯಲ್ಲಿ ಏನೋ ಬರೆದಿತ್ತು. ಏನೆಂದು ಕೇಳಿದೆ.

"'ಇದು ಜೀರುಂಡೆಯಲ್ಲ, ಬೆಂಗಳೂರಿನ ಒಬ್ಬ ತಾಯಿ. ಹರಳು ನೋಡಿ. ಕೈಯಾಗದಿದ್ದರೆ ಕೇಳಿ'" ಎಂದು ಓದಿ ಹೇಳಿದ ಕಿರ್ಸ್ಟನ್, ಚೈತ್ರಾಳ ಪ್ಲಾಸ್ಟರನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. "ಮಾರ್ಚಿನಲ್ಲಿ ನೀನು ಬರುವ ಹೊತ್ತಿಗೆ ಇದು ಬಿಚ್ಚಿರುತ್ತದೆ, ಅಲ್ಲವೇ?"

ಚೈತ್ರಾ, ಹೌದು, ಬಿಚ್ಚಿರುತ್ತದೆ, ಡಾಕ್ಟರು ಹಾಗೇ ಹೇಳಿದ್ದಾರೆ ಎಂದು ಉತ್ತರ ಕೊಡುತ್ತಲೇ ಇದ್ದಳು. ಮಾರ್ಚ್ ಎಂಬ ಪದ ಕಿವಿಗೆ ಬಿದ್ದು ನನಗೇ ಮೊದಲು ಅರ್ಥವಾಯಿತು. ನಾನು ಅವಳ ಬೆನ್ನಿಗೆ ಒಂದು ಗುದ್ದಿದೆ. ಆಗ ಅವಳ ಮಾತು ನಿಂತಿತು.

ಹಲಸೂರು: ಕೊನೆಯ ಸೋಮವಾರ

ಕಾರ್ತಿಕದ ಕೊನೆಯ ಸೋಮವಾರಕ್ಕೆ ಊರಿಗೆ ಬಂದಿದ್ದೆವು. ಅದೂ ಒಂದು ದಯೆ. ಯಜಮಾನರಿಗೆ ಎಲ್ಲ ಹೇಳಿದಾಗ, "ಅಂದ್ರೆ ನೀನು ಉಸಿರು ಬಿಟ್ಟಿದ್ದಕ್ಕೆ ಇವಳ ಸೀಟು ಹೋಗ್ತಿತ್ತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, ಕೆಳಗಿನ ಮನೆಯವರಿಗೆ ಫೋನಿನಲ್ಲಿ, "ನಮ್ಮ ಮನೆಯವಳ ಜಪ ಅಲ್ಲಿ ಗೋಡೆ ಮೇಲೆ ಹಾಕವ್ರೆ ಕಣ್ರೀ" ಎನ್ನುತ್ತಿರುವುದು ಕೇಳಿಸಿತು.

ಸಂಜೆ ಸೋಮೇಶ್ವರನ ಗುಡಿಯ ಪ್ರಾಕಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟು ಜನ, ಅಷ್ಟು ದೀಪ. ಇಷ್ಟೂ ಜನರ ಉಸಿರನ್ನು ಆ ಯಂತ್ರಕ್ಕೆ ಬಿಟ್ಟರೆ ಗೆರೆ ಎಲ್ಲಿಗೆ ಹೋದೀತು ಎಂದು ಯೋಚಿಸಿ ನಗು ಬಂತು. ಚೈತ್ರಾ ಎಡಗೈಯಲ್ಲಿ ಹಣತೆ ಹಿಡಿದಿದ್ದಳು. ನನ್ನ ಬೆಂಕಿಪೊಟ್ಟಣ ನೆನೆದುಹೋಗಿತ್ತು, ಕಡ್ಡಿ ಗೀರಿದರೆ ಹೊತ್ತಲಿಲ್ಲ. ಈ ಸಲ ನಾಚಿಕೊಳ್ಳಬಾರದು, ಕೇಳಿಯೇ ಬಿಡಬೇಕು ಎಂದು ತೀರ್ಮಾನಿಸಿ ಪಕ್ಕದ ಹೆಂಗಸಿನ ಕಡೆ ತಿರುಗಿದೆ.

ಬಾಯಿ ತೆರೆಯುವಷ್ಟರಲ್ಲಿ ಅವಳು ತನ್ನ ಹಣತೆಯನ್ನು ಬಾಗಿಸಿ ಮಗಳ ಬತ್ತಿಗೆ ಮುಟ್ಟಿಸಿಯಾಗಿತ್ತು.

"ಕೈಗೆ ಏನಾಯ್ತಮ್ಮ?" ಎಂದಳು ಅವಳು. "ಪುತ್ತೂರು ಕಟ್ಟು ಹಾಕಿಸ್ಬಾರ್ದಿತ್ತಾ?"